ಆರ್.ಎಚ್. ಕ್ಯಾಂಪಿಗೆ ಬಂದ ಗಾಜಿನ ಪಾಟಿ

ಲಿಂಗಸುಗೂರಿನಿಂದ ಹೊರಟ ಹೆದ್ದಾರಿ ಮಸ್ಕಿಯನ್ನು ಹಾದು ಸಿಂಧನೂರನ್ನು ಸಮೀಪಿಸುವ ವೇಳೆಗೆ ನೆಲದ ಬಣ್ಣವೇ ಬೇರೆಯಾಗುವುದು. ಹಿಂದೆ ಉಳಿದದ್ದು ಬಂಡೆಗಳ ಸೀಮೆ. ಹಟ್ಟಿಯ ಚಿನ್ನದ ಗಣಿಯನ್ನೂ ಮುದಗಲ್ಲಿನ ಕೋಟೆಯನ್ನೂ ತನ್ನ ಒಡಲಲ್ಲಿ ಇಟ್ಟುಕೊಂಡು, ಬೆಳೆಗೆ ಮಾತ್ರ ಮುಗಿಲನ್ನು ನೋಡುತ್ತ ಕುಳಿತ ಸೀಮೆ. ಮುಂದೆ ತೆರೆದುಕೊಳ್ಳುವುದು ಎರೆಭೂಮಿಯ ಮೇಲೆ ಹಾಸಿದ ಹಸಿರು. ಕಣ್ಣು ಹರಿಯುವ ತನಕ ನೀರು ನಿಂತ ಗದ್ದೆ, ಬದುವಿನ ಮೇಲೆ ಒಂಟಿಕಾಲಿನಲ್ಲಿ ನಿಂತ ಬೆಳ್ಳಕ್ಕಿ, ದಾರಿಯ ಬದಿಯಲ್ಲಿ ಅಕ್ಕಿ ಗಿರಣಿಗಳ ಹೊಗೆಕೊಳವೆ. ಜೋಳದ ರೊಟ್ಟಿಯ ನಾಡಿನ ನಡುವೆ ಇಷ್ಟೊಂದು ಭತ್ತವೇ ಎಂದು ಹೊಸಬರು ಬೆರಗಾಗುವುದುಂಟು. ಈ ಕಡೆಯ ರೈತರು ಅದನ್ನು ಭತ್ತ ಎನ್ನುವುದಿಲ್ಲ, ನೆಲ್ಲು ಎನ್ನುತ್ತಾರೆ.

ಇದೆಲ್ಲವೂ ತುಂಗಭದ್ರೆಯ ಎಡದಂಡೆ ಕಾಲುವೆಯ ಮಹಿಮೆ. ಹೊಸಪೇಟೆಯ ಬಳಿಯ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡಿತು. ಅಲ್ಲಿಂದ ಹೊರಟು ಸುಮಾರು 227 ಕಿಲೋಮೀಟರು ಹರಿಯುವ ಕಾಲುವೆಯು ಗಂಗಾವತಿ, ಸಿಂಧನೂರು, ಮಾನ್ವಿಗಳ ಬಾಳನ್ನು ಬದಲಿಸಿತು. ನೀರು ಬಂದ ಕಡೆಗೆ ಜನರೂ ಬಂದರು. ಗದ್ದೆಯ ಬೇಸಾಯವನ್ನು ಬಲ್ಲ ತೆಲುಗು ರೈತರು ಕರಾವಳಿ ಆಂಧ್ರದಿಂದ ಬಂದು ಜಮೀನು ಕೊಂಡು, ಹೊಲದ ನಡುವೆಯೇ ಬಿಡಾರ ಹೂಡಿದರು. ಆ ಬಿಡಾರಗಳಿಗೆ ‘ಕ್ಯಾಂಪು’ ಎಂಬ ಹೆಸರು ಅಂಟಿಕೊಂಡಿತು. ಗುಡಾರಗಳು ಮನೆಗಳಾದರೂ, ಮನೆಗಳು ಊರಾದರೂ, ಹೆಸರು ಮಾತ್ರ ಕ್ಯಾಂಪಾಗಿಯೇ ಉಳಿಯಿತು. ಆದುದರಿಂದ ಸಿಂಧನೂರಿನ ಸುತ್ತ ಕ್ಯಾಂಪೆಂದರೆ ಇಂದು ಬಂದು ನಾಳೆ ಹೋಗುವವರ ಠಾವಲ್ಲ. ಮೂರು ತಲೆಮಾರು ಹುಟ್ಟಿ ಬೆಳೆದ ಊರು.

ಇವುಗಳಲ್ಲಿ ಆರ್.ಎಚ್. ಕ್ಯಾಂಪುಗಳ ಕಥೆ ಬೇರೆ. ಆ ಎರಡು ಅಕ್ಷರಗಳ ಅರ್ಥ ಪುನರ್ವಸತಿ. ಒಂದು, ಎರಡು, ಮೂರು ಎಂದು ಸಂಖ್ಯೆಯಿಂದಲೇ ಕರೆಸಿಕೊಳ್ಳುವ ಈ ವಸತಿಗಳಿಗೆ ಬಂದವರು ಹೊಲ ಕೊಳ್ಳಲು ಬಂದವರಲ್ಲ. ಹೊಲ, ಮನೆ, ಕೆರೆ, ದೇಶ ಎಲ್ಲವನ್ನೂ ಕಳೆದುಕೊಂಡು ಬಂದವರು. ಅಂದಿನ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಗಡಿ ದಾಟಿದ ಬಂಗಾಳಿ ಹಿಂದೂ ಕುಟುಂಬಗಳಿಗೆ ಸರ್ಕಾರವು ಈ ಕಾಲುವೆಯ ಸೀಮೆಯಲ್ಲಿ ನೆಲ ಕೊಟ್ಟು ನೆಲೆಗೊಳಿಸಿತು. ನಾಡಿನಲ್ಲಿ ನೂರಾರು ಹೊಳೆಗಳ ಕವಲುಗಳನ್ನು ಕಂಡವರಿಗೆ ಇಲ್ಲಿ ಕಂಡದ್ದು ಒಂದು ಕಾಲುವೆ. ಆದರೂ ಅನ್ನ ಮತ್ತು ಮೀನು ಎರಡನ್ನೂ ಕೊಡಬಲ್ಲ ನೀರು ಅದರಲ್ಲಿತ್ತು. ಬಿಸಿಲಿನ ರಾಯಚೂರು ಜಿಲ್ಲೆಯಲ್ಲಿ ಇಂದಿಗೂ ಶರನ್ನವರಾತ್ರಿಯ ಕಾಲಕ್ಕೆ ದುರ್ಗಾಪೂಜೆಯ ಚಪ್ಪರ ಏಳುತ್ತದೆ, ಢಾಕಿನ ಸದ್ದು ಕೇಳುತ್ತದೆ.

ಈ ಊರಿನ ಕಿವಿಗೆ ಮೂರು ಭಾಷೆಗಳು. ಒಲೆಯ ಮುಂದೆ ಬಂಗಾಳಿ. ಸಂತೆಯಲ್ಲಿ, ಕಚೇರಿಯಲ್ಲಿ, ಶಾಲೆಯಲ್ಲಿ ಕನ್ನಡ. ಪಕ್ಕದ ಕ್ಯಾಂಪಿನ ರೈತನೊಡನೆ, ಗೊಬ್ಬರದ ಅಂಗಡಿಯಲ್ಲಿ ತೆಲುಗು. ಮೊಮ್ಮಗ ಮನೆಯೊಳಗೆ ‘ಠಾಕುಮಾ’ ಎಂದು ಅಜ್ಜಿಯನ್ನು ಕೂಗಿ, ಹೊಸ್ತಿಲು ದಾಟಿದೊಡನೆ ‘ಏನ್ರೀ ಕಾಕಾ’ ಎಂದು ನೆರೆಯವರನ್ನು ಮಾತನಾಡಿಸಬಲ್ಲ. ಆದರೆ ಶಾಲೆಯಲ್ಲಿ ಅವನ ಪಾಟಿಯ ಮೇಲೆ ಮೂಡುವ ಅಕ್ಷರ ಕನ್ನಡದ್ದು. ಉತ್ತರ ಕರ್ನಾಟಕದಲ್ಲಿ ಸ್ಲೇಟಿಗೆ ಪಾಟಿ ಎನ್ನುವರು. ಪುಸ್ತಕದ ಚೀಲವೂ ಇಲ್ಲಿ ಪಾಟಿಚೀಲವೇ. ಅಂಗೈಯಲ್ಲಿ ಹಿಡಿದು, ಬರೆದು, ಒರೆಸಿ, ಮತ್ತೆ ಬರೆಯುವ ಆ ಕರಿಹಲಗೆಯನ್ನು ಜಗತ್ತು ಈಗ ಗಾಜಿನಿಂದ ಮಾಡಿಕೊಂಡು ಟ್ಯಾಬ್ಲೆಟ್ ಎಂದು ಕರೆಯುತ್ತಿದೆ. ವರ್ಷಕ್ಕೊಮ್ಮೆ ಯಾವುದೋ ಸಾಗರದಾಚೆಯ ವೇದಿಕೆಯ ಮೇಲೆ ಹೊಸದೊಂದು ಫಲಕವನ್ನು ಎತ್ತಿ ತೋರಿಸುವುದೂ, ಅದು ಎಷ್ಟು ತೆಳು, ಎಷ್ಟು ಹಗುರ, ಎಷ್ಟು ಬೆಲೆ ಎಂದು ಪತ್ರಿಕೆಗಳು ಬರೆಯುವುದೂ ವಾಡಿಕೆಯಾಗಿದೆ. ಆದರೆ ಮೂರು ಭಾಷೆಯ ಇಂತಹ ಒಂದು ಊರನ್ನು ಕಣ್ಣೆದುರಿಗೆ ಇಟ್ಟುಕೊಂಡಂತೆ ಒಂದು ಗಾಜಿನ ಪಾಟಿಯನ್ನು ಕಡೆದವರು ನಮ್ಮ ಬೆಂಗಳೂರಿನವರೇ ಎಂಬುದು ಬಹುಮಂದಿಗೆ ಮರೆತೇ ಹೋಗಿದೆ.

ಬೆಂಗಳೂರಿನ ಕೂಸು

1998ರಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿಚಾರಸಂಕಿರಣವೊಂದು ನಡೆಯಿತು. ಬಡ ರಾಷ್ಟ್ರಗಳಿಗೆ ಮಾಹಿತಿ ತಂತ್ರಜ್ಞಾನದಿಂದ ಏನು ಪ್ರಯೋಜನ ಎಂಬುದು ಅಲ್ಲಿಯ ಚರ್ಚೆ. ಅದರ ಫಲವಾಗಿ ಹೊರಬಿದ್ದ ಬೆಂಗಳೂರು ಘೋಷಣೆಯು ಕಾಗದದಲ್ಲೇ ಉಳಿಯಬಾರದೆಂದು ಬಯಸಿದವರಲ್ಲಿ ಭಾರತೀಯ ವಿಜ್ಞಾನ ಮಂದಿರದ ನಾಲ್ವರು ಅಧ್ಯಾಪಕರು ಸೇರಿದ್ದರು: ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್. ಬೆಂಗಳೂರಿನದೇ ಆದ ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತು ಅವರ ಇಂಜಿನಿಯರುಗಳು ಕೈಜೋಡಿಸಿದರು. 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಹುಟ್ಟಿತು. ಸರಳವಾದ, ಅಗ್ಗವಾದ, ಬಹುಭಾಷೆಯ ಜನರ ಗಣಕ ಎಂಬುದು ಆ ಹೆಸರಿನ ಒಳಗಿನ ಅರ್ಥ.

2001ರ ಏಪ್ರಿಲ್ ತಿಂಗಳಲ್ಲಿ ಮಾದರಿಯನ್ನು ಬೆಂಗಳೂರಿನಲ್ಲಿ ಜನರ ಮುಂದಿಟ್ಟರು. ಆ ದಿನಗಳಲ್ಲಿ ಗಣಕವೆಂದರೆ ಮೇಜನ್ನೆಲ್ಲ ಆಕ್ರಮಿಸುವ ಪೆಟ್ಟಿಗೆ. ತಂಪು ಕೊಠಡಿ, ಚಪ್ಪಲಿ ಕಳಚಿಟ್ಟು ಒಳಹೋಗುವ ಭಕ್ತಿ. ಅದಕ್ಕೆ ಹೋಲಿಸಿದರೆ ಇದು ಅಂಗೈಯಲ್ಲಿ ಹಿಡಿಯುವಷ್ಟರದು. ಬೂದುಬಣ್ಣದ ಪುಟ್ಟ ತೆರೆ. ಅದರಲ್ಲಿ ಒಂದು ಬದಿಗೆ 320, ಇನ್ನೊಂದು ಬದಿಗೆ 240 ಚುಕ್ಕೆಗಳು. ಕೀಲಿಮಣೆಯಿಲ್ಲ, ಕಡ್ಡಿಯಿಂದ ತೆರೆಯನ್ನು ಮುಟ್ಟಿದರೆ ಸಾಕು. ಒಳಗೆ ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್ ಎಂಬ ಮಿತವ್ಯಯದ ಮಿದುಳು, ಯಾರಿಗೂ ಹಣ ತೆರಬೇಕಿಲ್ಲದ ಲಿನಕ್ಸ್ ತಂತ್ರಾಂಶ. ವಿದ್ಯುತ್ತು ಕೈಕೊಡುವ ಹಳ್ಳಿಗಳನ್ನು ನೆನೆದು, ಅಂಗಡಿಯಲ್ಲಿ ದೊರೆಯುವ ಮೂರು ಸಣ್ಣ ಬ್ಯಾಟರಿಗಳಿಂದಲೇ ನಡೆಯುವ ಏರ್ಪಾಟು ಮಾಡಿದ್ದರು. ಗುರಿಯಿಟ್ಟ ಬೆಲೆ ಒಂಬತ್ತು ಸಾವಿರ ರೂಪಾಯಿ.

ನೋಟಕ್ಕೆ ಅದರಲ್ಲಿ ಬೆಡಗಿರಲಿಲ್ಲ. ಆದರೆ ಅದರ ಒಳಗಿನ ಮೂರು ವಿಚಾರಗಳು ನಿಜಕ್ಕೂ ಹೊಸವು.

ಮೊದಲನೆಯದು, ಅದು ಓದಿ ಹೇಳುತ್ತಿತ್ತು. ತೆರೆಯ ಮೇಲಿನ ಅಕ್ಷರವನ್ನು ಧ್ವನಿಯಾಗಿಸುವ ತಂತ್ರಾಂಶವನ್ನು ರಮೇಶ್ ಹರಿಹರನ್ ಅವರು ಸಿದ್ಧಪಡಿಸಿ ಅದಕ್ಕೆ ‘ಧ್ವನಿ’ ಎಂದೇ ಹೆಸರಿಟ್ಟರು. ಅಕ್ಷರ ಬಾರದವನೂ ಯಂತ್ರದ ಮುಂದೆ ಕುರುಡನಾಗಬಾರದು ಎಂಬುದು ಇದರ ಆಶಯ. ಮಾತು ಕನ್ನಡದ್ದಾಗಬಹುದು, ಹಿಂದಿಯದಾಗಬಹುದು. ಕಂಪ್ಯೂಟರ್ ಕಲಿಯಬೇಕಾದರೆ ಮೊದಲು ಇಂಗ್ಲಿಷ್ ಕಲಿಯಬೇಕು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ.

ಎರಡನೆಯದು, ಅದು ಒಬ್ಬನ ಸೊತ್ತಲ್ಲ. ಒಂಬತ್ತು ಸಾವಿರ ರೂಪಾಯಿಯನ್ನು ಕೂಲಿಯವನು ಎಲ್ಲಿಂದ ತರಬೇಕು? ಆದುದರಿಂದ ಯಂತ್ರವನ್ನು ಪಂಚಾಯಿತಿಯೋ ಶಾಲೆಯೋ ಅಂಗಡಿಯವನೋ ಕೊಂಡಿಟ್ಟುಕೊಳ್ಳಲಿ. ಬೇಕಾದವರು ತಮ್ಮ ಸ್ಮಾರ್ಟ್ ಕಾರ್ಡನ್ನು ಅದರೊಳಗೆ ತೂರಿಸಿ ತಮ್ಮ ಲೆಕ್ಕ, ತಮ್ಮ ಪತ್ರ, ತಮ್ಮ ದಾಖಲೆ ನೋಡಿಕೊಳ್ಳಲಿ ಎಂದು ಯೋಚಿಸಿದರು. ಒಂದು ಬಾವಿ, ಹತ್ತು ಕೊಡ. ಊರಿನ ಬಾಳನ್ನು ಬಲ್ಲವರಿಗೆ ಮಾತ್ರ ಹೊಳೆಯುವ ಉಪಾಯವಿದು.

ಮೂರನೆಯದು, ಅದರ ವಿನ್ಯಾಸವನ್ನು ಗುಟ್ಟಾಗಿಡಲಿಲ್ಲ. ನಿಯಮಕ್ಕೆ ಒಪ್ಪಿದ ಯಾವ ಕಾರ್ಖಾನೆಯಾದರೂ ಇದನ್ನು ತಯಾರಿಸಬಹುದಾಗಿತ್ತು.

ಜಗತ್ತು ಕಿವಿಗೊಟ್ಟಿತು. 2001ರ ಕೊನೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಾಪ್ತಾಹಿಕದಲ್ಲಿ ಲೇಖಕ ಬ್ರೂಸ್ ಸ್ಟರ್ಲಿಂಗ್ ಅವರು, ಆ ವರ್ಷ ಗಣಕಕ್ಷೇತ್ರದಲ್ಲಿ ಆದ ಅತಿ ಮಹತ್ವದ ನವೀನತೆ ಇದೇ ಎಂದು ಬರೆದರು. ಮಲ್ಲೇಶ್ವರದ ಪಕ್ಕದ ಮರಗಳ ನೆರಳಿನಲ್ಲಿ ಹುಟ್ಟಿದ ಕೂಸನ್ನು ಅಮೆರಿಕದವರು ಎತ್ತಿ ಆಡಿಸಿದರು. ಮನೆಯವರು ಮಾತ್ರ ಇನ್ನೂ ತೊಟ್ಟಿಲು ತಂದಿರಲಿಲ್ಲ.

ಪಹಣಿಯ ನಾಡಿನಲ್ಲಿ

ಇಂತಹ ಪಾಟಿಯಿಂದ ಸಿಂಧನೂರಿನ ರೈತನಿಗೆ ಏನಾಗಬೇಕಿತ್ತು? ಉತ್ತರ ಒಂದೇ ಶಬ್ದದಲ್ಲಿದೆ: ಪಹಣಿ.

ಪಟ್ಟಣದ ಓದುಗರಿಗೆ ಪಹಣಿಯ ಮಹತ್ವ ತಟ್ಟನೆ ತಿಳಿಯದಿರಬಹುದು. ಹೊಲದ ಹಕ್ಕು ಯಾರದು, ಗೇಣಿ ಯಾರದು, ಈ ಹಂಗಾಮಿನಲ್ಲಿ ಬೆಳೆ ಯಾವುದು ಎಂಬ ಮೂರನ್ನೂ ಒಂದೇ ಹಾಳೆಯಲ್ಲಿ ಹೇಳುವ ದಾಖಲೆ ಅದು. ಅದು ಕೈಯಲ್ಲಿದ್ದರೆ ಬ್ಯಾಂಕಿನಲ್ಲಿ ಸಾಲ. ಬೆಳೆ ಹೋದರೆ ಪರಿಹಾರ. ಮಗಳ ಮದುವೆಗೆ ಕೈಗಡ. ಇಲ್ಲದಿದ್ದರೆ ಹೊಲದಲ್ಲಿ ನಿಂತವನೂ ಹೊಲದವನಲ್ಲ. ಹಿಂದೆ ಈ ಹಾಳೆಯು ಗ್ರಾಮ ಲೆಕ್ಕಿಗರ ಚೀಲದಲ್ಲಿತ್ತು. ಅವರು ಊರಲ್ಲಿದ್ದಾಗ ರೈತ ಹೊಲದಲ್ಲಿ. ರೈತ ಬಂದಾಗ ಅವರು ತಾಲ್ಲೂಕಿನಲ್ಲಿ. ಕರ್ನಾಟಕದ ‘ಭೂಮಿ’ ಯೋಜನೆಯು ಇದನ್ನು ಬದಲಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿಯನ್ನು ಕೊಡುವ ವ್ಯವಸ್ಥೆ 2000ದ ನಂತರದ ವರ್ಷಗಳಲ್ಲಿ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಬಂದಿತು. ದಾಖಲೆಯ ಭಾಷೆ ಕನ್ನಡ.

ಹಕ್ಕಿನ ಮಾತು ವರ್ಷಗಟ್ಟಲೆ ಬದಲಾಗದಿರಬಹುದು. ಬೆಳೆಯ ಮಾತು ಹಾಗಲ್ಲ. ಮುಂಗಾರಿಗೊಂದು, ಹಿಂಗಾರಿಗೊಂದು. ಹೊಲಕ್ಕೆ ಹೋಗಿ ನೋಡಿ ಬರೆದರೆ ಸತ್ಯ, ಚಾವಡಿಯಲ್ಲೇ ಕುಳಿತು ಬರೆದರೆ ಕಳೆದ ವರ್ಷದ ನಕಲು. ಇಲ್ಲಿಯೇ ಅಂಗೈಯ ಗಣಕಕ್ಕೆ ತಕ್ಕ ಕೆಲಸವಿತ್ತು. ಭೂದಾಖಲೆಯ ಕೆಲಸಕ್ಕೆ ಕರ್ನಾಟಕ ಸರ್ಕಾರವು ಸಿಂಪ್ಯೂಟರನ್ನು ಬಳಸಿಯೂ ನೋಡಿತು. ಬದುವಿನ ಮೇಲೆ ನಿಂತು, ಎದುರಿಗಿರುವುದು ನೆಲ್ಲೋ ಹತ್ತಿಯೋ ಎಂದು ಅಲ್ಲಿಯೇ ಗುರುತು ಹಾಕುವ ಲೆಕ್ಕಿಗ: ಆ ಚಿತ್ರ ಎಷ್ಟು ಸೊಗಸು!

2004ರ ಮಾರ್ಚ್ ತಿಂಗಳಲ್ಲಿ ಸಿಂಪ್ಯೂಟರು ಕಡೆಗೂ ಮಾರುಕಟ್ಟೆಗೆ ಬಂದಿತು. ವಿಜ್ಞಾನ ಮಂದಿರದ ಅಧ್ಯಾಪಕರು ಕಟ್ಟಿದ ಪಿಕೊಪೀಟ ಸಂಸ್ಥೆಯ ವಿನ್ಯಾಸ, ಸಾರ್ವಜನಿಕ ಕ್ಷೇತ್ರದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ತಯಾರಿಕೆ, ‘ಅಮಿದ’ ಎಂಬ ಹೆಸರು. ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಆರಂಭ. ಬಣ್ಣದ ತೆರೆ ಬೇಕೆಂದರೆ ಇನ್ನೂ ಮೇಲೆ. ಅದರಲ್ಲೊಂದು ಚಮತ್ಕಾರವಿತ್ತು. ಚಲನೆಯನ್ನು ಅರಿಯುವ ಸೂಕ್ಷ್ಮ ಉಪಕರಣವನ್ನು ಒಳಗಿಟ್ಟಿದ್ದರಿಂದ, ಯಂತ್ರವನ್ನು ಹಿಡಿದ ಕೈಯನ್ನು ತುಸು ಕೊಡವಿದರೆ ಪುಟ ಮಗುಚಿಕೊಳ್ಳುತ್ತಿತ್ತು. ಕೈ ವಾಲಿದಂತೆ ಚಿತ್ರ ವಾಲುವ ಈ ವಿದ್ಯೆಯು ಮುಂದೆ ಎಲ್ಲರ ದೂರವಾಣಿಗಳಲ್ಲೂ ಸಾಮಾನ್ಯವಾಯಿತು.

ಆದರೆ ಮಾರಾಟವಾದದ್ದು ಕೆಲವೇ ಸಾವಿರ. ಲಕ್ಷಗಟ್ಟಲೆ ತಯಾರಾದರೆ ಮಾತ್ರ ಬೆಲೆ ಇಳಿಯುತ್ತದೆ. ಬೆಲೆ ಇಳಿದರೆ ಮಾತ್ರ ಲಕ್ಷಗಟ್ಟಲೆ ಬೇಡಿಕೆ ಬರುತ್ತದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಇತ್ತ, ಯಾರೂ ಜನರ ಯಂತ್ರವೆಂದು ಕರೆಯದೆ ಇದ್ದ ಮೊಬೈಲು ಸದ್ದಿಲ್ಲದೆ ಬಂದು ಜನರ ಕೈ ಸೇರಿತು. 2003ರ ಮೇ ತಿಂಗಳಲ್ಲಿ ಒಳಬರುವ ಕರೆಗೆ ಹಣ ಕೊಡುವ ಪದ್ಧತಿ ನಿಂತುಹೋದದ್ದೇ ತಡ, ಕೂಲಿಯವನ ಜೇಬಿನಲ್ಲೂ ಅದು ರಿಂಗಣಿಸತೊಡಗಿತು. ಇದರಲ್ಲೊಂದು ಪಾಠವಿದೆ. ಬಡವನಿಗೆ ಮಾಹಿತಿ ಬೇಕೆಂದು ವಿದ್ವಾಂಸರು ಎಣಿಸಿದ್ದರು. ಬೇಕಾಗಿದ್ದದ್ದು ಹೌದು, ಆದರೆ ಅವನಿಗೆ ಅದಕ್ಕಿಂತ ಮೊದಲು ಬೇಕಾಗಿದ್ದದ್ದು ದೂರದ ಊರಿಗೆ ದುಡಿಯಲು ಹೋದ ಮಗನ ದನಿ.

ಗಾಜಿನ ಪಾಟಿಗಳ ಕಾಲ

2010ರ ಜನವರಿ 27ರಂದು ಸ್ಯಾನ್‌ಫ್ರಾನ್ಸಿಸ್ಕೋ ನಗರದ ವೇದಿಕೆಯ ಮೇಲೆ ಸ್ಟೀವ್ ಜಾಬ್ಸ್ ಕುರ್ಚಿಯಲ್ಲಿ ಒರಗಿ ಕುಳಿತು ಐಪ್ಯಾಡನ್ನು ಜಗತ್ತಿಗೆ ತೋರಿಸಿದರು. ಮೊದಲ ನೋಟಕ್ಕೆ ಅನೇಕರು ನಕ್ಕರು. ಇದು ದೊಡ್ಡದು ಮಾಡಿದ ದೂರವಾಣಿಯಲ್ಲವೆ, ಇದಕ್ಕೆ 499 ಡಾಲರೆ ಎಂದರು. ನಕ್ಕವರೇ ಆಮೇಲೆ ಸಾಲಿನಲ್ಲಿ ನಿಂತರು. ಅದೇ ವರ್ಷ ಬೆಂಗಳೂರಿನ ನೋಷನ್ ಇಂಕ್ ಎಂಬ ಕಿರಿಯರ ಸಂಸ್ಥೆ ‘ಆ್ಯಡಮ್’ ಎಂಬ ಫಲಕಗಣಕವನ್ನು ಘೋಷಿಸಿತು. ಬಿಸಿಲಿನಲ್ಲಿಯೂ ಓದಬಹುದಾದ ತೆರೆ ಅದರ ಹೆಗ್ಗಳಿಕೆ. ಬಿಸಿಲೆಂದರೇನೆಂದು ಬಲ್ಲ ರಾಯಚೂರಿನವರಾದರೆ ಆ ಒಂದು ಗುಣಕ್ಕೇ ತಲೆದೂಗುತ್ತಿದ್ದರು. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಟ್ಯಾಬ್ಲೆಟ್ ಬಿಡುಗಡೆ ಮಾಡಿತು. 35 ಡಾಲರಿನ ಗಣಕ ಎಂದು ಲೋಕವೆಲ್ಲ ಕೊಂಡಾಡಿತು. ಮುಟ್ಟಿದವರಿಗೆ ಮಾತ್ರ ತೆರೆಯು ಒತ್ತಿದರಷ್ಟೇ ಓಗೊಡುವ ಹಳೆಯ ಬಗೆಯದೆಂದೂ, ಬ್ಯಾಟರಿ ಬೇಗ ಬಳಲುವುದೆಂದೂ ತಿಳಿಯಿತು. ಇವೆಲ್ಲ ಬಂದಷ್ಟೇ ವೇಗವಾಗಿ ಹಿನ್ನೆಲೆಗೆ ಸರಿದವು.

ಪಾಟಿಯ ನಿಜವಾದ ಪರೀಕ್ಷೆ ನಡೆದದ್ದು 2020ರಲ್ಲಿ. ಕೊರೊನಾ ಸೋಂಕಿನಿಂದ ಶಾಲೆಗಳು ಮುಚ್ಚಿದವು; ಪಾಠಗಳು ತೆರೆಗೆ ಹಾರಿದವು. ತೆರೆಯುಳ್ಳ ಮನೆಯ ಮಕ್ಕಳಿಗೆ ಪಾಠ ಉಂಟು, ಇಲ್ಲದ ಮನೆಯ ಮಕ್ಕಳಿಗೆ ಇಲ್ಲ ಎಂಬಂತಾಯಿತು. ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಮೂಡಿಬಂದವು. ರಾಜ್ಯದ ಶಿಕ್ಷಣ ಇಲಾಖೆ ‘ವಿದ್ಯಾಗಮ’ ಎಂಬ ಹೆಸರಿನಲ್ಲಿ ಗುರುಗಳನ್ನೇ ಮಕ್ಕಳಿರುವಲ್ಲಿಗೆ ಕಳುಹಿಸಿತು. ಗುಡಿಯ ಜಗಲಿಯಲ್ಲಿ, ಬೇವಿನ ಮರದ ಕೆಳಗೆ, ಹಳೆಯ ಕಲ್ಲುಪಾಟಿಯ ಕಾಲದಂತೆ ಪಾಠ ನಡೆಯಿತು. 2021ರ ಜೂನ್ ತಿಂಗಳಲ್ಲಿ ಸರ್ಕಾರಿ ಪದವಿ, ಇಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರವು ಉಚಿತ ಟ್ಯಾಬ್ಲೆಟ್ ಹಂಚುವ ಕಾರ್ಯಕ್ಕೆ ತೊಡಗಿತು. ಎಷ್ಟೋ ಮನೆಗಳಲ್ಲಿ ಅದು ಮನೆಯೊಳಗೆ ಬಂದ ಮೊದಲನೆಯ ಗಣಕ. ವಿದ್ಯಾರ್ಥಿಗೆ ಕೊಟ್ಟದ್ದಾದರೂ ವಿದ್ಯಾರ್ಥಿಯೊಬ್ಬನದೇ ಆಗಿ ಉಳಿಯುವುದು ಅಂತಹ ಮನೆಯಲ್ಲಿ ಸಾಧ್ಯವೆ? ತಮ್ಮನ ಪಾಠ, ತಂದೆಯ ಪಹಣಿ, ತಾಯಿಯ ಧಾರಾವಾಹಿ ಎಲ್ಲಕ್ಕೂ ಒಂದೇ ಗಾಜು. ಸಿಂಪ್ಯೂಟರಿನವರು ಕಂಡ ಹಂಚಿಕೆಯ ಕನಸು ಹೀಗೆ ಬೇರೊಂದು ಬಾಗಿಲಿನಿಂದ ನಿಜವಾಯಿತು.

ಬದುವಿನ ಮೇಲಿನ ಲೆಕ್ಕಿಗನ ಚಿತ್ರವೂ ಸುಳ್ಳಾಗಲಿಲ್ಲ. ಲೆಕ್ಕಿಗನ ಸ್ಥಾನದಲ್ಲಿ ರೈತನೇ ನಿಂತನು, ಅಷ್ಟೆ. 2020ರ ಮುಂಗಾರಿನಿಂದ ಕರ್ನಾಟಕದಲ್ಲಿ ರೈತನು ತನ್ನ ಹೊಲದಲ್ಲಿ ನಿಂತು, ಮೊಬೈಲಿನಿಂದ ಬೆಳೆಯ ಚಿತ್ರ ತೆಗೆದು, ತಾನೇ ಬೆಳೆ ಸಮೀಕ್ಷೆಯಲ್ಲಿ ದಾಖಲಿಸಬಹುದಾಗಿದೆ. 2001ರಲ್ಲಿ ಬೂದುತೆರೆಯ ಮುಂದೆ ಕುಳಿತವರು ಕಂಡದ್ದು ಸುಮಾರು ಎರಡು ದಶಕಗಳ ತರುವಾಯ ಬಂದಿತು.

ಕಾಗದವೆಂಬ ಪ್ರಾಣ

ಈಗ ಮತ್ತೆ ಆರ್.ಎಚ್. ಕ್ಯಾಂಪಿಗೆ ಬರಬೇಕು. ಇತರ ಊರುಗಳಲ್ಲಿ ಪಹಣಿಯೊಂದು ದೊಡ್ಡ ಕಾಗದವಾದರೆ, ಇಲ್ಲಿ ಅದಕ್ಕಿಂತ ದೊಡ್ಡ ಕಾಗದವೊಂದಿದೆ. ನೀನು ಯಾವ ದೇಶದವನು ಎಂಬ ಪ್ರಶ್ನೆಗೆ ಉತ್ತರ ಹೇಳುವ ಕಾಗದ ಅದು. ಗಡಿ ದಾಟಿದಾಗ ಹಿರಿಯರು ತಂದದ್ದು ಮಕ್ಕಳನ್ನು ಮತ್ತು ಗಂಟನ್ನು. ಮುದ್ರೆಯೊತ್ತಿದ ಪತ್ರಗಳನ್ನು ಜೋಡಿಸಿಕೊಳ್ಳಲು ಅವರಿಗೆ ಸಮಯವಿರಲಿಲ್ಲ. ಹೊಲ ಉತ್ತು, ಮಕ್ಕಳನ್ನು ಓದಿಸಿ, ಇಲ್ಲಿಯ ಮಣ್ಣಿನಲ್ಲೇ ಹಿರಿಯರನ್ನು ಕಳೆದುಕೊಂಡ ಮೇಲೂ ಕೆಲವು ಕುಟುಂಬಗಳಿಗೆ ಪೌರತ್ವವು ಬಿಡಿಸಲಾಗದ ಗಂಟಾಗಿಯೇ ಇತ್ತು. 2019ರ ಪೌರತ್ವ ತಿದ್ದುಪಡಿ ಕಾಯಿದೆಯ ನಿಯಮಗಳು 2024ರ ಮಾರ್ಚ್ 11ರಂದು ಜಾರಿಗೆ ಬಂದವು. ದೇಶದ ಉದ್ದಗಲಕ್ಕೂ ಆ ಕಾಯಿದೆಯ ಬಗ್ಗೆ ತೀವ್ರ ವಾದವಿವಾದಗಳು ನಡೆದವು. ಕ್ಯಾಂಪಿನವರಿಗೆ ಅದು ವಾದದ ವಿಷಯವಾಗುವುದಕ್ಕೆ ಮೊದಲು ಅರ್ಜಿಯ ವಿಷಯವಾಗಿತ್ತು. ಅದೇ ವರ್ಷ ಸಿಂಧನೂರು ತಾಲ್ಲೂಕಿನ ಈ ಕ್ಯಾಂಪುಗಳ ಕೆಲವರಿಗೆ ಪೌರತ್ವದ ಪ್ರಮಾಣಪತ್ರಗಳು ದೊರೆತವು.

ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ಆ ಅರ್ಜಿಯನ್ನು ಕಾಗದದ ಮೇಲೆ ಬರೆದು ಕೊಡುವಂತಿರಲಿಲ್ಲ, ಅಂತರ್ಜಾಲದಲ್ಲೇ ತುಂಬಬೇಕಾಗಿತ್ತು. ಐವತ್ತು ವರ್ಷ ಕಾಯ್ದ ಮನುಷ್ಯನ ಭಾಗ್ಯವು ಅಂಗೈಯಗಲದ ಗಾಜಿನ ಮೇಲೆ, ಅವನದಲ್ಲದ ಭಾಷೆಯ ಖಾನೆಗಳಲ್ಲಿ ಕುಳಿತಿತು. ಹುಟ್ಟಿದ ಊರಿನ ಹೆಸರನ್ನು ಅವನು ಬಂಗಾಳಿಯಲ್ಲಿ ಉಚ್ಚರಿಸಬಲ್ಲ. ಕನ್ನಡದಲ್ಲಿ ಮೊಮ್ಮಗ ಅದನ್ನು ಬರೆಯಬಲ್ಲ. ಖಾನೆ ಕೇಳುವುದು ಇಂಗ್ಲಿಷಿನ ಅಕ್ಷರ. ಮೂರು ಲಿಪಿಗಳ ನಡುವೆ ಒಂದು ಸ್ವರ ಜಾರಿದರೂ ಒಂದು ಕಾಗದದ ಮನುಷ್ಯ ಇನ್ನೊಂದು ಕಾಗದದಲ್ಲಿ ಬೇರೆಯವನಾಗಿಬಿಡುತ್ತಾನೆ. ಇಂತಹ ಕಡೆ ಹೆಸರಿನ ಕಾಗುಣಿತವು ವ್ಯಾಕರಣದ ಪ್ರಶ್ನೆಯಲ್ಲ, ಬದುಕಿನ ಪ್ರಶ್ನೆ.

ಆದ್ದರಿಂದ ಹೊಸದಾಗಿ ಘೋಷಿತವಾದ ಯಾವ ಫಲಕವನ್ನಾದರೂ ಅಳೆಯುವುದಕ್ಕೆ ಆರ್.ಎಚ್. ಕ್ಯಾಂಪು ಒಳ್ಳೆಯ ಒರೆಗಲ್ಲು. ಅದು ಎಷ್ಟು ತೆಳುವಾಗಿದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ನಡುಹಗಲಿನ ಬಿಸಿಲಿನಲ್ಲಿ, ಗದ್ದೆಯ ಕೆಸರು ಮೆತ್ತಿದ ಬೆರಳಿಗೆ ಓಗೊಡುವುದೆ? ವಿದ್ಯುತ್ತು ಹೋದರೆ ಸಂಜೆಯ ತನಕ ಉಸಿರು ಹಿಡಿಯುವುದೆ? ಜಲಾಶಯಕ್ಕೆ ಎಷ್ಟು ನೀರು ಬಂದಿದೆ, ಕಾಲುವೆಗೆ ಎಂದು ಬಿಡುತ್ತಾರೆ ಎಂಬುದನ್ನು ಹೇಳುವುದೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ಆ ಸುದ್ದಿಯು ಬೆಳಗಾಗುವುದರೊಳಗೆ ಕಾಲುವೆಯುದ್ದಕ್ಕೂ ಹರಡಿತು. ನಾಟಿ ಮಾಡಿದವರ ಕಣ್ಣೆಲ್ಲ ಜಲಾಶಯದ ಮಟ್ಟದ ಅಂಕಿಯ ಮೇಲೆ. ಎಲ್ಲಕ್ಕಿಂತ ಮಿಗಿಲಾಗಿ, ಅದು ಠಾಕುಮಾಳಿಗೆ ಅವಳ ಮಾತಿನಲ್ಲಿ ಓದಿ ಹೇಳುವುದೆ?

ಈ ಕೊನೆಯ ಪ್ರಶ್ನೆಗೆ ಹಳೆಯ ಸಿಂಪ್ಯೂಟರಿನ ಒಂದು ಚಿಗುರು ಉತ್ತರವಾಗಿ ಉಳಿದಿದೆ. ಯಂತ್ರ ಮರೆಯಾದರೂ ಅದರ ‘ಧ್ವನಿ’ ಮರೆಯಾಗಲಿಲ್ಲ. ಮುಕ್ತ ತಂತ್ರಾಂಶವಾದುದರಿಂದ ಅದನ್ನು ಯಾರು ಬೇಕಾದರೂ ಬೆಳೆಸಬಹುದಾಗಿತ್ತು. ಕೇರಳದ ಸಂತೋಷ್ ತೊಟ್ಟಿಂಗಲ್ ಮೊದಲಾದವರು ಅದಕ್ಕೆ ಹೊಸ ಭಾಷೆಗಳನ್ನು ಕಲಿಸಿದರು. ಹಾಗೆ ಕಲಿತ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ, ತೆಲುಗಿದೆ, ಬಂಗಾಳಿಯೂ ಇದೆ. ಆರ್.ಎಚ್. ಕ್ಯಾಂಪಿನ ಓಣಿಯಲ್ಲಿ ಕೇಳುವ ಮೂರೂ ಭಾಷೆಗಳು ಒಂದೇ ತಂತ್ರಾಂಶದ ಬಾಯಲ್ಲಿ ಕೂಡಿದುದು ಯಾರೂ ಯೋಜಿಸಿ ಮಾಡಿದ್ದಲ್ಲ. ಯೋಜಿಸಿದ್ದರೆ ಇಷ್ಟು ಚೆನ್ನಾಗಿ ಹೊಂದುತ್ತಿತ್ತೋ ಇಲ್ಲವೋ. ಇಂದಿನ ಟ್ಯಾಬ್ಲೆಟ್ಟುಗಳೂ ಮೊಬೈಲುಗಳೂ ಈ ಭಾಷೆಗಳನ್ನು ಆಡುತ್ತವೆ, ಕೇಳಿಸಿಕೊಂಡು ಬರೆಯುತ್ತವೆ ಕೂಡ. ಆದರೆ ಭಾರತದ ಹಳ್ಳಿಯವನಿಗೆ ಯಂತ್ರವು ಅವನ ಮಾತಿನಲ್ಲಿ ಉತ್ತರ ಹೇಳಬೇಕು ಎಂಬ ಹಟವನ್ನು ಅಷ್ಟು ಮುಂಚೆ ಹಿಡಿದವರ ಸಾಲಿನಲ್ಲಿ ಬೆಂಗಳೂರಿನ ಆ ಅಧ್ಯಾಪಕರಿಗೆ ಸ್ಥಾನವಿದ್ದೇ ಇದೆ.

ಸಿಂಧನೂರಿಗೆ ಬಂದವರು ಮಸ್ಕಿಯ ಬೆಟ್ಟವನ್ನು ನೋಡದೆ ಹೋಗಬಾರದು. ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಸಿ. ಬೀಡನ್ ಎಂಬ ಇಂಜಿನಿಯರು ಇದನ್ನು ಕಂಡರು. ಅಲ್ಲಿಯವರೆಗೆ ಅಶೋಕನ ಶಾಸನಗಳಲ್ಲಿ ದೇವಾನಾಂಪ್ರಿಯ ಮೊದಲಾದ ಬಿರುದುಗಳು ಮಾತ್ರ ಕಾಣುತ್ತಿದ್ದವು. ಅಶೋಕ ಎಂಬ ಹೆಸರು ಮೊದಲು ದೊರೆತದ್ದು ಈ ಕಲ್ಲಿನಲ್ಲಿ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಧರ್ಮದ ಫಲವು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಲಭ್ಯ. ಈ ಮಾತನ್ನು ಇಬ್ಬರಿಗೂ ತಿಳಿಸಿ ಹೇಳಬೇಕು ಎಂಬುದು ಅದರ ತಾತ್ಪರ್ಯ. ಕೆತ್ತಿದರೆ ಸಾಲದು, ತಿಳಿಸಿ ಹೇಳಬೇಕು ಎಂದು ಆ ಚಕ್ರವರ್ತಿಗೆ ಹೊಳೆದಿತ್ತು. ಈ ನಾಡಿನ ಆಡುಮಾತು ಪ್ರಾಕೃತವಲ್ಲವಷ್ಟೆ! ಬಂಡೆಯ ಮುಂದೆ ನಿಂತು, ಅದನ್ನು ಓದಿ, ನೆರೆದವರ ಮಾತಿಗೆ ತಿರುಗಿಸಿ ಹೇಳಿದ ಯಾರೋ ಒಬ್ಬ ಅಂದು ಇದ್ದಿರಲೇಬೇಕು. ಅವನ ಹೆಸರನ್ನು ಯಾರೂ ಕೆತ್ತಿಲ್ಲ.

ಕ್ಯಾಂಪಿನಲ್ಲಿ ಇಂದು ಆ ಕೆಲಸ ಮಾಡುತ್ತಿರುವವರು ಶಾಲೆ ಕಾಲೇಜಿನ ಮಕ್ಕಳು. ಸಂಜೆಯ ಹೊತ್ತು ಗದ್ದೆಯ ಕಡೆಯಿಂದ ತಂಗಾಳಿ ಬೀಸುವಾಗ, ಜಗಲಿಯ ಮೇಲೆ ಗಾಜಿನ ಬೆಳಕು ಮುಖಕ್ಕೆ ಬೀಳುವಂತೆ ಕುಳಿತು, ಅವರು ಇಂಗ್ಲಿಷಿನ ಖಾನೆಯನ್ನು ಕನ್ನಡದಲ್ಲಿ ಅರ್ಥಮಾಡಿಕೊಂಡು ಬಂಗಾಳಿಯಲ್ಲಿ ಹಿರಿಯರಿಗೆ ಹೇಳುತ್ತಾರೆ. ಉತ್ತರವನ್ನು ಬಂಗಾಳಿಯಲ್ಲಿ ಕೇಳಿ, ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿನಲ್ಲಿ ತುಂಬುತ್ತಾರೆ. ಮುಂದಿನ ಪಾಟಿ ಈ ಮಕ್ಕಳ ಹೊರೆಯನ್ನು ಒಂದಿಷ್ಟು ಇಳಿಸುವುದಾದರೆ, ಅದರ ಬೆಲೆಯ ಮಾತನ್ನು ಆಮೇಲೆ ಆಡಬಹುದು.